ಲೆಮ್ಮಿಯ ಬೇಸು, ಲೆಮ್ಮಿಯ ಮೈಕು

ಗೆಳೆಯರ ಬ್ಯಾಂಡಿನಲ್ಲಿ ಇರುವುದು ಮೂವರೇ: ಗಿಟಾರ್, ಡ್ರಮ್ಸ್, ಬೇಸ್. ಬೇಸ್ ನುಡಿಸುವವನೇ ಹಾಡಲೂ ಬೇಕು. ಹಾಗಾಗಿ ಆ ಭಾನುವಾರ ಜ್ಯಾಮ್ ರೂಮಿನಲ್ಲಿ (ಅಭ್ಯಾಸದ ಕೋಣೆ), ಮೋಟರ್‌ಹೆಡ್ ಎಂಬ ರಾಕ್ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಲೇ ಹಾಡುತ್ತಿದ್ದ ಲೆಮ್ಮಿ ಕಿಲ್‌ಮಿಸ್ಟರನ ಸದ್ದನ್ನೇ ಹಿಡಿಯೋಣವೆಂದು ಕೂತೆವು. ಮೊದಲ ಕೆಲಸ, ಆಂಪಿನ (ಸದ್ದು ಹಿಗ್ಗಿಸುವ ಆಂಪ್ಲಿಫೈಯರ್) ಬೇಸ್, ಟ್ರೆಬಲ್, ಅಂದರೆ ತಗ್ಗಿನ ಮತ್ತು ಮೇಲಿನ ಸದ್ದಿನ ಗುಂಡಿಗಳೆರಡನ್ನೂ ಸೊನ್ನೆಗಿಳಿಸಿ ನಡುವಿನ ಸದ್ದಿನ ಮಿಡಲ್ ಪೂರ್ತಿ ತಿರುಗಿಸುವುದು. "ಬೇಸ್ ಗಿಟಾರಿಗೆ ಬೇಸೇ ಬೇಡ್ವೇನೋ?" ಅಂದ ಡ್ರಮ್ಮರ್.

ಲೆಮ್ಮಿ ತನ್ನ ಮಾರ್ಷಲ್ ಆಂಪನ್ನು ಹೆಚ್ಚುಕಡಿಮೆ ಹಾಗೇ ಇಡುತ್ತಿದ್ದ. ವಾಲ್ವ್ ಆಂಪನ್ನು (ಹಳೆಯ ಗಾಜಿನ ಕೊಳವೆಗಳದ್ದು) ಡಿಸ್ಟಾರ್ಟ್ ಆಗುವಷ್ಟು, ಅಂದರೆ ಸದ್ದು ಒಡೆದು ಗುರುಗುಟ್ಟುವಷ್ಟು ಜೋರಾಗಿಟ್ಟರೆ ಅದರ ಶಕ್ತಿಯನ್ನೆಲ್ಲ ನುಂಗುವುದು ತಗ್ಗಿನ ಸ್ವರಗಳು. ಅವನ್ನು ಮೊದಲೇ ಕತ್ತರಿಸಿದರೆ ಗುರುಗುಟ್ಟುವ ಮಧ್ಯದ ಸದ್ದು ಸ್ಪಷ್ಟವಾಗಿ ಉಳಿಯುತ್ತದೆ. ಆದರೆ ಜ್ಯಾಮ್ ರೂಮಿನ ಟ್ರಾನ್ಸಿಸ್ಟರ್ ಆಂಪಿನಲ್ಲಿ ಸೊನ್ನೆ ಎಂದರೆ ತಗಡಿನ ಡಬ್ಬ ಬಡಿದಂತೆ. ಬೇಸ್ ಗುಂಡಿಯನ್ನು ಎರಡಕ್ಕೇರಿಸಿ, ಮುಂದೊಂದು ಓವರ್‌ಡ್ರೈವ್ ಪೆಡಲ್ (ಸದ್ದನ್ನು ಒಡೆಯುವ ಪುಟ್ಟ ಪೆಟ್ಟಿಗೆ) ಹಾಕಿದ ಮೇಲೆ ದಾರಿಗೆ ಬಂತು.

ಲೆಮ್ಮಿ ಬೇಸನ್ನು ಗಿಟಾರಿನಂತೆ ನುಡಿಸಿದ್ದಕ್ಕೆ ಕಾರಣ ಹುಡುಕಿದರೆ 1971ಕ್ಕೆ ಹೋಗಬೇಕು. ಇಂಗ್ಲೆಂಡಿನ ಹಾಕ್‌ವಿಂಡ್ ಬ್ಯಾಂಡ್ ಸೇರುವವರೆಗೆ ಅವನು ಗಿಟಾರಿಗ. ಬೇಸ್ ಕೈಗೆ ಬಂದದ್ದೇ ಅಲ್ಲಿ. ರಿದಂ ಗಿಟಾರಿನ ಕೈಯನ್ನೇ ಬೇಸಿಗೆ ಹಚ್ಚಿದ. 1975ರಲ್ಲಿ ಕೆನಡಾ ಗಡಿಯಲ್ಲಿ ಡ್ರಗ್ಸ್ ಸಮೇತ ಸಿಕ್ಕಿಬಿದ್ದು, ಬ್ಯಾಂಡಿನಿಂದ ಹೊರಬಿದ್ದ ಮೇಲೆ ಕಟ್ಟಿದ್ದು ಮೋಟರ್‌ಹೆಡ್. ಬಹುಕಾಲ ಅಲ್ಲಿಯೂ ಮೂವರೇ. ಗಿಟಾರ್ ಸೋಲೋಗೆ ಹೋದಾಗ ಹಿಂದೆ ಖಾಲಿ ಬೀಳದಂತೆ ಅವನ ರಿಕೆನ್‌ಬ್ಯಾಕರ್ ಬೇಸ್ ತುಂಬಿಕೊಳ್ಳುತ್ತಿತ್ತು. 1981ರಲ್ಲಿ ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಲೈವ್ ರೆಕಾರ್ಡ್ ಕೇಳಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ನುಡಿಸುವುದು ಪಿಕ್ಕಿನಿಂದ, ಒಂಟಿ ಸ್ವರದ ಬದಲು ಎರಡು ತಂತಿ ಸೇರಿಸಿ. ಮೂಲ ಸ್ವರ (ಸ) ಮತ್ತು ಅದರಿಂದ ಐದನೆಯದು (ಪ), ಅಷ್ಟೇ. ಡಿಸ್ಟಾರ್ಷನ್ ಇದ್ದಾಗ ನಡುವೆ ಮೂರನೆಯ ಸ್ವರ (ಗ) ಸೇರಿಸಿದರೆ ಎಲ್ಲ ಕಲಸಿಹೋಗುತ್ತದೆ. ಎಲ್ಲಕ್ಕಿಂತ ದಪ್ಪ ತಂತಿಯ ಮೊದಲ ಫ್ರೆಟ್‌ಗಳಲ್ಲಿ (ಕತ್ತಿನ ಮೇಲಿನ ಅಡ್ಡ ಪಟ್ಟಿಗಳು) ಈ ಜೋಡಿಯೂ ಗೊಜಗೊಜ. ನಡುವಿನ ಎ, ಡಿ ತಂತಿಗಳಲ್ಲಿ ಐದನೇ ಫ್ರೆಟ್ ದಾಟಿದ ಮೇಲೆ ಬಿಡಿಸಿ ಕೇಳಿಸುತ್ತದೆ.

ಹಾಡುತ್ತ ನುಡಿಸುವಾಗ ತಪ್ಪುವುದು ಸಾಮಾನ್ಯವಾಗಿ ಕೈ. ಪದ ತಾಳದಿಂದ ಆಚೀಚೆ ಬಿದ್ದ ಕಡೆ ಪಿಕ್ಕೂ ಅದರ ಹಿಂದೆ ಓಡುತ್ತದೆ. ತಾಳ ಎಣಿಸುವ ಮೆಟ್ರೊನೋಮನ್ನು ಅರ್ಧ ವೇಗಕ್ಕಿಳಿಸಿ, ಕೈ ನಿಲ್ಲಿಸದೆ, ಸಾಹಿತ್ಯವನ್ನು ರಾಗವಿಲ್ಲದೆ ಬರೀ ಹೇಳಿಕೊಂಡು ಹೋಗಬೇಕು. ರಾಗ ಆಮೇಲೆ.

ಉಳಿದದ್ದು ಮೈಕು. ಲೆಮ್ಮಿ ಅದನ್ನು ತಲೆಗಿಂತ ಮೇಲಿಟ್ಟು, ಕೆಳಮುಖ ಮಾಡಿ, ಕತ್ತೆತ್ತಿ ಹಾಡುತ್ತಿದ್ದ. ಅದೇ ತನಗೆ ಆರಾಮ ಎನ್ನುತ್ತಿದ್ದ. ಹತ್ತೇ ಜನ ಬರುತ್ತಿದ್ದ ಕಾಲದಲ್ಲಿ ಪ್ರೇಕ್ಷಕರನ್ನು ನೋಡುವುದು ತಪ್ಪುತ್ತಿತ್ತು ಎಂದೂ ತಮಾಷೆ ಮಾಡುತ್ತಿದ್ದ. ನಾವೂ ಹಾಗೇ ಇಟ್ಟೆವು, ಮಾನಿಟರ್ (ಹಾಡುವವನಿಗೇ ಕೇಳಿಸಲು ನೆಲದಲ್ಲಿಟ್ಟ ಸ್ಪೀಕರ್) ಕಿರ್ರೆಂದಿತು. ಹಾಡಲು ಬಳಸುವ ಕಾರ್ಡಿಯಾಯ್ಡ್ ಮೈಕು (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಬಗೆ) ತನ್ನ ಬೆನ್ನ ಹಿಂದಿನ ಸದ್ದನ್ನಷ್ಟೇ ಚೆನ್ನಾಗಿ ತಡೆಯುತ್ತದೆ. ಮಾಮೂಲಾಗಿ ಆ ಬೆನ್ನು ಮಾನಿಟರ್ ಕಡೆಗಿರುತ್ತದೆ. ಮೈಕು ಕೆಳಗೆ ಬಾಗಿದೊಡನೆ ಬೆನ್ನು ಸೂರಿನ ಕಡೆ ಹೋಗಿ, ಮಾನಿಟರ್ ಸದ್ದು ಪಕ್ಕದಿಂದ ನುಗ್ಗುತ್ತದೆ. ಮಾನಿಟರನ್ನು ದೂರ ಸರಿಸಿ, ಕಿರುಚುವ ಫ್ರೀಕ್ವೆನ್ಸಿಯನ್ನು ಇಕ್ವಲೈಜರಿನಲ್ಲಿ ತಗ್ಗಿಸಿ, ಮೈಕನ್ನು ಒಂದು ಗೇಣು ಇಳಿಸಿದ ಮೇಲೆ ಸುಮ್ಮನಾಯಿತು. ಅದಕ್ಕೂ ಜಗ್ಗದಿದ್ದರೆ ಬಾಯಿ ಮಟ್ಟಕ್ಕೇ ಇಳಿಸಿ; ಗಂಟಲಿಗೂ ಅದೇ ವಾಸಿ.