ಹನ್ನೊಂದು ಬಸ್ ಚೀಟಿ

ಡಿಸೆಂಬರ್‌ನಲ್ಲಿ ಬೆಳಗಾವಿಗೆ ಹೋಗುವವರಿದ್ದರೆ ಮೊದಲು ಅಧಿವೇಶನದ ತಾರೀಖು ನೋಡಿಕೊಳ್ಳಿ. ನಾನು ನೋಡಿರಲಿಲ್ಲ. ಮುಂಗಡ ಕಟ್ಟಿದ ಧೈರ್ಯದಲ್ಲಿ ರಾತ್ರಿ ಲಾಡ್ಜ್ ಮುಂದೆ ಇಳಿದರೆ, ಕೌಂಟರಿನ ಹುಡುಗ, "ರೂಮ್ ಎಲ್ಲಾ ಸರ್ಕಾರದವ್ರು ತಗೊಂಡಾರ್ರಿ. ನಿಮಗ ಮೆಸೇಜ್ ಬಂದಿಲ್ಲೇನ್ರಿ?" ಅಂದ. ಬಂದಿತ್ತು. ಅರಸೀಕೆರೆ ದಾಟಿದ ಮೇಲೆ ಬಂದಿತ್ತು, ನಾನು ಆಗ ಗೊರಕೆ ಹೊಡೆಯುತ್ತಿದ್ದೆ. ಆ ಮುಂಗಡ ಇವತ್ತಿಗೂ ವಾಪಸ್ಸಾಗಿಲ್ಲ.

ಹೊರಟಿದ್ದು ಗೋಕಾಕಿಗೆ. ಹಳೆಯ ಸಹೋದ್ಯೋಗಿಯ ಮಗಳ ಮದುವೆ. ಎರಡು ದಿನ ಮೊದಲೇ ಬಂದು ಬೆಳಗಾವಿ ನೋಡಿಕೊಂಡು ಹೋಗೋಣ ಅಂತ ಮಂಡ್ಯದಲ್ಲಿ ಬೆಳಿಗ್ಗೆ ವಿಶ್ವಮಾನವ ಎಕ್ಸ್‌ಪ್ರೆಸ್ ಹತ್ತಿದ್ದೆ. ಇಡೀ ಹಗಲು ರೈಲಿನಲ್ಲೇ ಕಳೆಯಿತು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ಹುಬ್ಬಳ್ಳಿ ಪ್ಲಾಟ್‌ಫಾರಂ ಒಂದನ್ನು ಬಿಟ್ಟು. 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದನೆಯದು. ಚಹಾ ಹುಡುಕಿಕೊಂಡು ಇಳಿದು ಹೊರಟವನು ವಾಪಸ್ ಬೋಗಿ ಸೇರುವಷ್ಟರಲ್ಲಿ ಏದುಸಿರು ಬಂದಿತ್ತು. ಆ ಚಹಾನೋ, ಬರೀ ಸಕ್ಕರೆ ಪಾಕ. ನಾನು ಕಾಫಿಯವನು, ಈ ವಿಷಯದಲ್ಲಿ ರಾಜಿ ಇಲ್ಲ.

ಮೂರು ಲಾಡ್ಜ್ ಸುತ್ತಿದ ಮೇಲೆ ಒಬ್ಬ ಆಟೋದವರನ್ನು, "ಇಲ್ಲೆಲ್ಲಾದರೂ ಛತ್ರ ಇದೆಯಾ ಅಣ್ಣಾ?" ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಕಲ್ಯಾಣ ಮಂಟಪ ಅಂದೆ. "ಮಂಗಲ ಕಾರ್ಯಾಲಯ ಅನ್ರಿ ಮತ್ತ!" ಎಂದು ನಕ್ಕು ಕರೆದುಕೊಂಡು ಹೋದರು. ಒಳಗೆ ಮದುವೆ ಇರಲಿಲ್ಲ. ಸುವರ್ಣ ವಿಧಾನಸೌಧದ ಎದುರು ಟೆಂಟ್ ಹಾಕಿ ಧರಣಿ ಕೂರಲು ಬಂದವರು ಸಾಲಾಗಿ ಮಲಗಿದ್ದರು. ಎಲ್ಲರೂ ಉತ್ತರದ ಜಿಲ್ಲೆಗಳವರು. ನಾನೊಬ್ಬ ಕಾವೇರಿ ಕಡೆಯವನು.

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಉತ್ತರ ಕರ್ನಾಟಕದವರು ಸದಾ ಗೋಳಾಡುತ್ತಾರೆ ಅಂತ ನಾನೂ ನಮ್ಮೂರ ಹೋಟೆಲಿನಲ್ಲಿ ಕೂತು ಎಷ್ಟೋ ಸಲ ಮಾತಾಡಿದವನೇ. ಅದನ್ನೇ ತಲೆಯಲ್ಲಿ ಇಟ್ಟುಕೊಂಡು ಅವರ ನಡುವೆ ಜಾಗ ಹುಡುಕುವುದು ಒಂದು ಥರ ಮುಜುಗರ. ಮೂಲೆಯಲ್ಲಿ ಕೂತಿದ್ದ ಬಿಳಿ ಟೋಪಿಯ ಹಿರಿಯರೊಬ್ಬರು ತಮ್ಮ ಜಮಖಾನೆಯನ್ನು ಅರ್ಧ ಸರಿಸಿ, "ಬರ್ರಿ, ಕೂಡ್ರಿ. ಊಟ ಆಗೈತೋ ಇಲ್ಲೋ?" ಅಂದರು. ಆಗಿಲ್ಲ ಅಂದಿದ್ದೇ ತಡ, ಬುತ್ತಿ ಬಿಚ್ಚಿದರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಣಗಿದಂತಿದ್ದ ಬದನೆಕಾಯಿ ಪಲ್ಯ, ಹಸಿ ಈರುಳ್ಳಿ. ರೊಟ್ಟಿ ಮುರಿದ ಸದ್ದಿಗೆ ಪಕ್ಕದಲ್ಲಿ ಮಲಗಿದ್ದವರು ಮಗ್ಗುಲು ಬದಲಿಸಿದರು. ಆ ಚಟ್ನಿಗೆ ನಮ್ಮ ಮದ್ದೂರು ವಡೆಯನ್ನೂ ಬಿಟ್ಟುಕೊಟ್ಟೇನು.

ಮುದ್ದೇಬಿಹಾಳ ತಾಲ್ಲೂಕಿನವರು, ಅನುದಾನಿತ ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಶಾಲೆ ಅನುದಾನಕ್ಕೆ ಸೇರುವ ಮೊದಲು ದುಡಿದ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿದು ಕಾಲ್ಪನಿಕ ವೇತನ, ಅಂದರೆ ಆಗಲೂ ಅನುದಾನದ ಸಂಬಳವಿತ್ತು ಅಂತ ಕಾಗದದ ಮೇಲೆ ಲೆಕ್ಕ ಹಾಕಿದ ವೇತನ, ಕೊಡಿ ಅನ್ನುವುದು ಅವರ ಬೇಡಿಕೆ. "ಮೇಷ್ಟ್ರೇ, ಇದಕ್ಕೆ ಬೆಂಗಳೂರಿಗೆ ಹೋಗಬೇಕಿತ್ತಲ್ವಾ?" ಅಂದೆ.

"ಮಾಸ್ತರ ಅನ್ರಿ. ಮೇಷ್ಟ್ರು ಅಂದ್ರ ಇಲ್ಲಿ ಯಾರೂ ಹೊಳ್ಳಿ ನೋಡಂಗಿಲ್ಲ" ಅಂದವರೇ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಬಸ್ ಚೀಟಿಗಳು. ಮಷಿನ್ನಿನಲ್ಲಿ ಬರುವ ಚೀಟಿ ನೋಡಿ, ಅಚ್ಚು ಹಾರಿಹೋಗಿ ಬಹುತೇಕ ಬೆಳ್ಳಗಾಗಿದ್ದವು. ಆದರೆ ಪ್ರತಿಯೊಂದರ ಬೆನ್ನಿಗೂ ಮಾಸ್ತರರು ನೀಲಿ ಪೆನ್ನಿನಲ್ಲಿ, ಪಾಠದ ಹಲಗೆಯ ಮೇಲಿನಂಥ ದುಂಡು ಅಕ್ಷರದಲ್ಲಿ ತಾರೀಖು ಮತ್ತು ಫಲಿತಾಂಶ ಬರೆದಿದ್ದರು. "ಸಾಹೇಬರು ರಜೆ." "ಫೈಲು ಮ್ಯಾಲಿನ ಮಹಡಿ." "ಚುನಾವಣಾ." "ಜೆರಾಕ್ಸ್ ಕಡಿಮಿ." ಒಂದರ ಬೆನ್ನಿಗೆ ಬರೀ "ಮಳಿ" ಅಂತಿತ್ತು. ಒಟ್ಟು ಹನ್ನೊಂದು.

"ಹೋಗೂ ಚೀಟಿ ಅಷ್ಟ ಇಟ್ಟೀನ್ರಿ. ಬರೂ ಮುಂದ ಸಿಟ್ಟು ಬಂದಿರತೈತಿ, ಹರಿದು ಒಗಿತೀನಿ."

ಕೊನೆಯ ಚೀಟಿಯನ್ನು ಅವರೇ ತೆಗೆದು ನನ್ನ ಕೈಗಿಟ್ಟರು. ಹಿಂದಿನ ವರ್ಷದ ಡಿಸೆಂಬರ್. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಂಗಳೂರಿನಲ್ಲಿ ಇಳಿದಿದ್ದಾರೆ. ಬೆನ್ನಿಗೆ ಹೀಗಿತ್ತು: "ಸಾಹೇಬರು ಬೆಳಗಾವಿ ಅಧಿವೇಶನಕ್ಕ ಹೋಗ್ಯಾರ."

ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ನನ್ನ ನಗು ಮೊದಲು ನಿಂತಿತು. ಈ ಸಲ ಸೀದಾ ಬೆಳಗಾವಿಗೇ ಬಂದಿದ್ದಾರೆ. ಇಲ್ಲಿ ಏನಂದರು ಎಂದು ಕೇಳಿದೆ. "ಫೈಲು ಬೆಂಗಳೂರಿನಾಗ ಐತಿ ಅಂದ್ರು."

ಹೊತ್ತು ಎಷ್ಟಾಯಿತೋ ಗೊತ್ತಿಲ್ಲ, ವಾದಕ್ಕೆ ಬಿದ್ದೆವು. ನಮ್ಮ ಕಡೆಯೂ ಹಿಂದುಳಿದ ತಾಲ್ಲೂಕುಗಳಿವೆ ಕಣ್ರೀ ಅಂತ ನಾನು ನಂಜುಂಡಪ್ಪ ವರದಿ ಎತ್ತಿದೆ. ಮಾಸ್ತರರಿಗೆ ಅದು ಬಾಯಿಪಾಠ. 2002ರ ವರದಿ, ಹಿಂದುಳಿದ ತಾಲ್ಲೂಕು 114, ಅದರಲ್ಲಿ ಅತ್ಯಂತ ಹಿಂದುಳಿದವು 39, ಆ 39ರಲ್ಲಿ ಉತ್ತರದವು 26. "ಉಳಿದ 13 ನಿಮ್ಮವ. ಅವರೂ ಬಂದು ಇಲ್ಲೇ ಕೂಡ್ಲಿ, ಜಮಖಾನಿ ಐತಿ" ಅಂದರು. ನಿಮ್ಮ ಕಡೆಯವರೇ ಮುಖ್ಯಮಂತ್ರಿಗಳಾಗಿದ್ದರಲ್ಲ, ಜತ್ತಿಯವರಿಂದ ಹಿಡಿದು ಬಸವರಾಜ ಬೊಮ್ಮಾಯಿಯವರ ತನಕ ಅಂದೆ. "ವಿಧಾನಸೌಧದ ಮೆಟ್ಟಲಾ ಹತ್ತಿದ ಮ್ಯಾಲ ಎಲ್ಲಾರೂ ಬೆಂಗಳೂರಿನವರ ಆಗ್ತಾರ್ರಿ."

ನೀರಿನ ಮಾತು ಬಂದಾಗ ಮಾತ್ರ ಅವರ ದನಿ ಏರಿತು. ಕಾವೇರಿಗೆ ಬೆಂಕಿ ಬಿದ್ದರೆ ಕರ್ನಾಟಕ ಬಂದ್ ಅಂತೀರಿ, ಮಹದಾಯಿಗೆ ನರಗುಂದದವರು 2015ರಿಂದ ಕೂತರೆ ಅದು ನರಗುಂದದ ಸುದ್ದಿ, ಅದೇ ನರಗುಂದ, ನವಲಗುಂದದಲ್ಲಿ 1980ರಲ್ಲಿ ರೈತರ ಮೇಲೆ ಗುಂಡು ಹಾರಿದ ಮೇಲೇ ಅಲ್ಲವೇ ನಿಮ್ಮೂರಿಗೂ ಹಸಿರು ಶಾಲು ಬಂದದ್ದು ಎಂದು ಕೇಳಿದರು. ಮಂಡ್ಯದವನಿಗೆ ಹಸಿರು ಶಾಲಿನ ಲೆಕ್ಕ ಒಪ್ಪಿಸುವುದೆಂದರೇನು! ಸುಮ್ಮನಿದ್ದೆ. ಯಾಕೆಂದರೆ ಸತ್ಯ.

ಆಮೇಲೆ ಮೆಲ್ಲಗೆ, "ಬೆಂಗಳೂರು ನಮ್ಮದೂ ಅಲ್ಲ ಮಾಸ್ತರೇ, ನಮ್ಮ ನೀರು ಕುಡಿಯುತ್ತೆ ಅಷ್ಟೆ" ಅಂದೆ.

"ನಿಮ್ಮದಲ್ಲ, ನಮ್ಮದಲ್ಲ. ಮತ್ತ ಯಾರದ್ರಿ ಅದು?"

ಪ್ರತ್ಯೇಕ ರಾಜ್ಯ ಬೇಕಾ ಅಂತಲೂ ಕೇಳಿದೆ. 2018ರಲ್ಲಿ ಅದಕ್ಕೇ ಬಂದ್ ಕರೆ ಕೊಟ್ಟಿದ್ದರಲ್ಲ. ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟರು. ಒಂದಾಗೋಣ ಅಂತ ಮೊದಲು ಕೂಗಿದವರು ತಮ್ಮ ಕಡೆಯವರು. ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ಅದರಗುಂಚಿ ಶಂಕರಗೌಡರು ಉಪವಾಸ ಕೂತದ್ದು 1953ರಲ್ಲಿ, ಮೈಸೂರಿನವರೇ ಆಗ ಹಿಂದೆಮುಂದೆ ನೋಡುತ್ತಿದ್ದರು. ಕೆಂಗಲ್ ಹನುಮಂತಯ್ಯನವರು ಪರವಾಗಿ ನಿಂತರಲ್ಲ ಅಂದೆ. "ಅವರಿಗೆ ಕೈ ಮುಗಿತೀನಿ" ಎಂದು ನಿಜವಾಗಿಯೂ ಕೈ ಮುಗಿದರು. "ಆದ್ರ ನೋಡ್ರಿ, ಒಂದಾದ ಮ್ಯಾಲೂ 17 ವರ್ಷ ರಾಜ್ಯದ ಹೆಸರು ಮೈಸೂರು. ನಮ್ಮಪ್ಪ ಪತ್ರಾ ಬರಿವಾಗ ಆ ಹೆಸರು ಬರಿತಿದ್ದಿಲ್ಲ. ಬರೇ ಜಿಲ್ಲಾ ಬರೆದು ಬಿಡತಿದ್ದ. ಅಷ್ಟು ಆಸೆಪಟ್ಟು ಕಟ್ಟಿದ ಮನಿ, ನಾ ಯಾಕ್ರಿ ಬಿಟ್ಟು ಹೋಗ್ಲಿ? ಸಾಹೇಬರು ಕುರ್ಚಿ ಮ್ಯಾಲ ಇದ್ರ ಸಾಕು."

ಹೊದೆಯಲು ತಮ್ಮ ಚಾದರವನ್ನೇ ಕೊಟ್ಟರು. ಬೆಳಗಾವಿಯ ಚಳಿ ನಮ್ಮ ಕಡೆಯದಲ್ಲ, ಸ್ವೆಟರ್ ಇಲ್ಲದೆ ಹೋಗಬೇಡಿ.

ಬೆಳಿಗ್ಗೆ ಅವರ ಜೊತೆಗೇ ಸುವರ್ಣಸೌಧದ ತನಕ ಹೋದೆ. ಬೆಳಗಾವಿಯಲ್ಲಿ ಅಧಿವೇಶನ 2006ರಲ್ಲೇ ಶುರುವಾದರೂ ಈ ಕಟ್ಟಡ ಉದ್ಘಾಟನೆಯಾದದ್ದು 2012ರಲ್ಲಿ. ಹೆದ್ದಾರಿ ಪಕ್ಕದ ದಿಬ್ಬದ ಮೇಲೆ ದೊಡ್ಡದಾಗಿ ಕೂತಿದೆ. ನಮ್ಮ ವಿಧಾನಸೌಧದ ಕಳೆ ಇಲ್ಲ ಅನ್ನಿಸಿತು, ಬಾಯಿಬಿಟ್ಟು ಹೇಳಲಿಲ್ಲ. ಪಾಸ್ ಇಲ್ಲದ ನನ್ನನ್ನು ಒಳಗೆ ಬಿಡಲಿಲ್ಲ. ಮಾಸ್ತರರು ಟೆಂಟಿಗೆ ಹೋದರು, ನಾನು ಕುಂದಾ ಕೊಳ್ಳಲು ಹೋದೆ. ಹೆಸರಿಗೆ ತಕ್ಕ ರುಚಿ ನನಗೆ ಕಾಣಲಿಲ್ಲ, ವಿಪರೀತ ಸಿಹಿ. ಗೋಕಾಕಿನ ಕರದಂಟು ಸಾವಿರ ಪಾಲು ಮೇಲು. ಮದುವೆ ಚೆನ್ನಾಗಿ ಆಯಿತು.

ಊರಿಗೆ ಬಂದು ತಿಂಗಳಾಗಿರಬೇಕು, ಮಾಸ್ತರರ ಫೋನ್. "ನಿಮಗ ಬೆಂಗಳೂರು ಸಮೀಪ ಅಲ್ರಿ? ಒಂದು ಸಲ ಹೋಗಿ ಸಾಹೇಬರು ಕುರ್ಚಿ ಮ್ಯಾಲ ಅದಾರೋ ಇಲ್ಲೋ ನೋಡಿ ಹೇಳ್ರಿ. ಆಮ್ಯಾಲ ನಾ ಬಸ್ ಹತ್ತತೀನಿ."

ಮಂಡ್ಯದಿಂದ ಬೆಂಗಳೂರು ನೂರು ಕಿಲೋಮೀಟರ್. ತಿಂಡಿ ತಿಂದು ರೈಲು ಹತ್ತಿದೆ. ಆ ಕಚೇರಿಯ ಮೂರನೇ ಮಹಡಿಗೆ ಹೋಗಿ ಬಾಗಿಲ ಸಂದಿಯಲ್ಲಿ ಇಣುಕಿದೆ. ಸಾಹೇಬರು ಇದ್ದರು, ಟವೆಲ್ ಹೊದಿಸಿದ ಕುರ್ಚಿಯಲ್ಲಿ, ಟೀ ಕುಡಿಯುತ್ತಾ. ಮೆಟ್ಟಿಲ ಹತ್ತಿರ ಬಂದು ಫೋನ್ ಮಾಡಿದೆ.

"ಹೌದೇನ್ರಿ! ನಾಳೆ ಮುಂಜಾನೆ ಇಳಿತೀನಿ. ಅಲ್ಲೀ ತನಕ ಅವರನ್ನ ಏಳಾಕ ಬಿಡಬ್ಯಾಡ್ರಿ" ಅಂದರು.