ಜ್ವರದ ಎಣಿಕೆ: 25 ಯಾವಾಗ 28ಕ್ಕಿಂತ ಹೆಚ್ಚು?

ಮಳೆ ಹಿಡಿದರೆ ಬೆಂಗಳೂರಿನ ಕ್ಲಿನಿಕ್ಕುಗಳ ಮುಂದೆ ಕೆಮ್ಮುವವರ ಸಾಲು ಬೆಳೆಯುತ್ತದೆ. ಭಾರತದಲ್ಲಿ ಫ್ಲೂ ಏರುವುದು ವರ್ಷಕ್ಕೆ ಎರಡು ಸಲ: ಜನವರಿಯಿಂದ ಮಾರ್ಚ್, ಮತ್ತೆ ಮಳೆಗಾಲ ಮುಗಿಯುವ ಹೊತ್ತಿಗೆ. ಆದರೆ ಈ ವಾರ ಏರಿದೆಯೇ ಎಂದು ಹೇಳಲು ಸಾಲು ನೋಡಿದರೆ ಸಾಲದು. ಒಪಿಡಿಗೆ ಒಟ್ಟು ಎಷ್ಟು ಜನ ಬಂದರು, ಅವರಲ್ಲಿ ಐಎಲ್‌ಐ (ಫ್ಲೂ ತರಹದ ಜ್ವರ) ಇದ್ದವರು ಎಷ್ಟು, ಎರಡೂ ಬೇಕು. ಒಂದು ವಾರ 400ರಲ್ಲಿ 28 ಇದ್ದರೆ ಶೇ 7. ಮುಂದಿನ ವಾರ ಗೌರಿ ಗಣೇಶ ಹಬ್ಬಕ್ಕೆ ಎರಡು ದಿನ ಬಾಗಿಲು ಮುಚ್ಚಿ, 250ರಲ್ಲಿ 25 ಬಂದರೆ ಶೇ 10. ಕ್ಲಿನಿಕ್ಕಿನ ವಾರದ ವರದಿಯಲ್ಲಿ ಬರೀ 25 ಎಂದು ಕಳಿಸಿದರೆ ಏರುತ್ತಿರುವ ಜ್ವರ ಇಳಿದಂತೆ ಕಾಣುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಐಎಲ್‌ಐ ಎಂದರೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ, ಜೊತೆಗೆ ಕೆಮ್ಮು, ಶುರುವಾಗಿ 10 ದಿನದೊಳಗೆ. ಬರೀ ನೆಗಡಿ ಲೆಕ್ಕಕ್ಕಿಲ್ಲ. ತೊಡಕಿರುವುದು ಬೆಳಗ್ಗೆಯೇ ಪ್ಯಾರಾಸಿಟಮಾಲ್ ನುಂಗಿ ಬಂದವರದ್ದು: ಥರ್ಮಾಮೀಟರಿನಲ್ಲಿ ಜ್ವರ ಕಾಣದೇ ಹೋಗಬಹುದು. ಅವರನ್ನು ಬೇರೆ ಕಾಲಂನಲ್ಲಿ ಬರೆದುಕೊಳ್ಳಿ. ವರ್ಷದ ನಡುವೆ ನಿಯಮ ಬದಲಿಸಿದರೆ ಹೋದ ವರ್ಷದ ಜೊತೆ ಹೋಲಿಸಲು ಆಗುವುದಿಲ್ಲ.

"ಜ್ವರ ಯಾವಾಗಿಂದ ಅಮ್ಮಾ?" ಎಂದರೆ "ಮೂರ್ನಾಲ್ಕು ದಿನ ಆಯ್ತು ಮೇಡಂ" ಎನ್ನುತ್ತಾರೆ. ಅದನ್ನೇ ಬರೆದುಕೊಳ್ಳಬೇಡಿ. "ಭಾನುವಾರ ಚೆನ್ನಾಗಿದ್ರಾ? ಸೋಮವಾರ ಕೆಲಸಕ್ಕೆ ಹೋಗಿದ್ರಾ?" ಎಂದು ಕೇಳುತ್ತಾ ತಾರೀಖು ಹಿಡಿಯಿರಿ. ವೈರಸ್ ಚೆನ್ನಾಗಿ ಸಿಗುವುದು ಮೊದಲ ಮೂರ್ನಾಲ್ಕು ದಿನ. ಏಳನೇ ದಿನ ಗಂಟಲಿನಿಂದ ತೆಗೆದ ಮಾದರಿ ನೆಗೆಟಿವ್ ಬಂದರೆ ಫ್ಲೂ ಅಲ್ಲವೆಂದು ಧೈರ್ಯವಾಗಿ ಹೇಳಲಾಗದು.

ಮಾದರಿಗೆ ತೀರಾ ಸುಸ್ತಾದವರನ್ನೇ ಆರಿಸುವುದು ಸಾಮಾನ್ಯ ತಪ್ಪು. ಮೇಲೆ ಹೇಳಿದ ಐಎಲ್‌ಐ ಲಕ್ಷಣಕ್ಕೆ ಹೊಂದುವವರಲ್ಲಿ ದಿನಕ್ಕೆ ಮೊದಲ ಇಬ್ಬರು ಎಂದು ಗೊತ್ತುಮಾಡಿಕೊಂಡು ಅದನ್ನೇ ಪಾಲಿಸುವುದು ಮೇಲು.

ಮಾದರಿ ತೆಗೆಯುವ ಸ್ವ್ಯಾಬಿಗೆ ಪಾಲಿಯೆಸ್ಟರ್ ತುದಿ, ಪ್ಲಾಸ್ಟಿಕ್ ಕಡ್ಡಿ ಇರಲಿ. ಮರದ ಕಡ್ಡಿ ವೈರಸ್ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಗೆ ಅಡ್ಡಿ ಮಾಡುತ್ತದೆ. ನಾಲಿಗೆಗೆ ತಾಗಿಸದೆ ಎರಡೂ ಟಾನ್ಸಿಲ್ ಮತ್ತು ಗಂಟಲ ಹಿಂಗೋಡೆಯನ್ನು ಉಜ್ಜಿ, ವಿಟಿಎಂ (ವೈರಸ್ ಕೆಡದಂತೆ ಇಡುವ ದ್ರವ) ಇರುವ ಟ್ಯೂಬಿನಲ್ಲಿ ಇಳಿಸಿ ಕಡ್ಡಿಯನ್ನು ಗುರುತಿನ ಜಾಗದಲ್ಲೇ ಮುರಿಯಬೇಕು. ಉದ್ದ ಉಳಿದರೆ ಮುಚ್ಚಳ ಪೂರಾ ಕೂರುವುದಿಲ್ಲ, ದಾರಿಯಲ್ಲಿ ಸೋರುತ್ತದೆ. ಲೇಬಲ್ ಟ್ಯೂಬಿನ ಮೈಗೆ ಅಂಟಿಸಿ, ಮುಚ್ಚಳಕ್ಕಲ್ಲ, ಮುಚ್ಚಳ ಅದಲುಬದಲಾಗುತ್ತದೆ.

ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ 2ರಿಂದ 8 ಡಿಗ್ರಿಯಲ್ಲಿ 72 ಗಂಟೆಯೊಳಗೆ ಲ್ಯಾಬ್ ಸೇರಬೇಕು. ತಡವಾಗುವುದಾದರೆ ಮೈನಸ್ 70 ಬೇಕು; ಸಾಮಾನ್ಯ ಫ್ರಿಜ್ಜಿನ ಫ್ರೀಜರ್ ಬೇಡ, ಅಲ್ಲಿ ಹೆಪ್ಪುಗಟ್ಟಿ ಕರಗಿ ವೈರಸ್ ಕೆಡುತ್ತದೆ. ಶನಿವಾರ ಮಧ್ಯಾಹ್ನ ಮಾದರಿ ತೆಗೆಯುವ ಮುಂಚೆ ಭಾನುವಾರ ಲ್ಯಾಬಿನಲ್ಲಿ ಅದನ್ನು ತೆಗೆದುಕೊಳ್ಳುವವರು ಇದ್ದಾರೆಯೇ ಎಂದು ಒಂದು ಫೋನ್ ಮಾಡಿ ಕೇಳಿ.