ಕೈ ಮುಟ್ಟದೆ ಓಡುವ ಬಾಣ

ಹೊಸ ಲ್ಯಾಪ್‌ಟಾಪಿನಲ್ಲಿ ಬೆರಳಾಡಿಸಿ ಬಾಣ ಓಡಿಸುವ ಟ್ರ್ಯಾಕ್‌ಪ್ಯಾಡ್ ಸರಿಯಿಲ್ಲ ಎಂದು ಯಾರಿಗೇ ಹೇಳಿದರೂ ಬರುತ್ತಿದ್ದ ಉತ್ತರ ಒಂದೇ: "ಮಳೆಗಾಲ ಅಲ್ವಾ!" ತೀರ್ಥಹಳ್ಳಿ ಕಡೆ ಜುಲೈ ತಿಂಗಳಲ್ಲಿ ಏನು ಕೆಟ್ಟರೂ ಮಳೆಯ ತಲೆಗೆ ಕಟ್ಟಬಹುದು. ಬೆಂಕಿಕಡ್ಡಿ ಹತ್ತದಿದ್ದರೆ ಮಳೆ. ಚಪ್ಪಲಿಗೆ ಬೂಸ್ಟು ಬಂದರೆ ಮಳೆ. ಫೋನಿಗೆ ಸಿಗ್ನಲ್ ಇಲ್ಲದಿದ್ದರೂ ಮಳೆ. ನಮ್ಮ ಮನೆಯವರು ಹಾಗೆ ಹೇಳಿದರೆ ಸರಿ, ಅವರಿಗೆ ಅಭ್ಯಾಸ. ಲ್ಯಾಪ್‌ಟಾಪ್ ಮಾರಿದವರೂ ಅದನ್ನೇ ಹೇಳಿದಾಗ ಸ್ವಲ್ಪ ಸಿಟ್ಟು ಬಂತು.

ನನ್ನದು ಕರಡು ತಿದ್ದುವ ಕೆಲಸ. ಬೆಂಗಳೂರಿನಿಂದ ಪುಸ್ತಕದ ಪುಟಗಳು ಮೇಲ್‌ನಲ್ಲಿ ಬರುತ್ತವೆ. ನಾನು ಮನೆಯಲ್ಲೇ ಕೂತು ತಿದ್ದಿ, ಬೇಕಾದಲ್ಲಿ ಹೊಸದಾಗಿ ಟೈಪ್ ಮಾಡಿ ವಾಪಸ್ ಕಳಿಸುತ್ತೇನೆ. ಕೀಲಿಮಣೆ 'ನುಡಿ' ಎಂಬ ಕನ್ನಡ ತಂತ್ರಾಂಶದ್ದು, ಅಂದರೆ ಕೆ.ಪಿ. ರಾವ್ ರೂಪಿಸಿದ ವಿನ್ಯಾಸ. ಅದರಲ್ಲಿ ಒತ್ತಕ್ಷರ ಬೇಕಾದರೆ ಮೊದಲ ಅಕ್ಷರ ಒತ್ತಿ, ಆಮೇಲೆ 'ಎಫ್' ಕೀಲಿ, ಆಮೇಲೆ ಎರಡನೇ ಅಕ್ಷರ. ಈ ಲ್ಯಾಪ್‌ಟಾಪಿನಲ್ಲಿ ಆಗುತ್ತಿದ್ದದ್ದು ಏನು ಗೊತ್ತಾ? 'ಅಕ್ಕ' ಎಂದು ಹೊಡೆಯಲು ಹೊರಟರೆ, 'ಎಫ್' ಆದ ಮೇಲೆ ಕರ್ಸರ್ ನೆಗೆದು ನಾಲ್ಕು ಸಾಲು ಮೇಲೆ ಹೋಗಿ ಕೂರುತ್ತಿತ್ತು. ಇಲ್ಲಿ 'ಅಕ್' ಉಳಿಯುತ್ತಿತ್ತು. ಮೇಲೆ ಯಾವುದೋ ಊರಿನ ಹೆಸರಿನ ಹೊಟ್ಟೆಯೊಳಗೆ ಒಂದು 'ಕ' ಸೇರಿಕೊಳ್ಳುತ್ತಿತ್ತು. ತಪ್ಪು ತಿದ್ದಲು ಸಂಬಳ ತಗೊಳ್ಳುವವಳು ಹೊಸ ತಪ್ಪು ಸೇರಿಸಿ ಕಳಿಸಿದರೆ ಏನು ಗತಿ?

ಕೆಲವೊಮ್ಮೆ ಬಾಣದ ಗುರುತು ಸುಮ್ಮನೆ ನಡುಗುತ್ತಿತ್ತು. ಕೆಲವೊಮ್ಮೆ ಪುಟ ತಾನಾಗಿ ದೊಡ್ಡದಾಗುತ್ತಿತ್ತು, ಎರಡು ಬೆರಳಿಟ್ಟು ಹಿಗ್ಗಿಸಿದರೆ ಆಗುತ್ತದಲ್ಲ, ಹಾಗೇ. ಒಂದಿಡೀ ಬೆಳಿಗ್ಗೆ ಏನೂ ಆಗದೆ ಇದ್ದದ್ದೂ ಉಂಟು. ಪೂರ್ತಿ ಕೆಟ್ಟಿದ್ದರೆ ಒಳ್ಳೆಯದಿತ್ತು. ಬಂದು ಹೋಗುವ ದೋಷವನ್ನು ಇನ್ನೊಬ್ಬರಿಗೆ ತೋರಿಸೋದೇ ಕಷ್ಟ.

ಮಳೆಯ ಮಾತು ಪೂರ್ತಿ ಸುಳ್ಳಲ್ಲ, ಅದನ್ನೂ ಹೇಳಬೇಕು. ಬಾಣ ಓಡಿಸುವಾಗ ಟ್ರ್ಯಾಕ್‌ಪ್ಯಾಡ್ ನೋಡುವುದು ನಾವು ಎಷ್ಟು ಒತ್ತಿದೆವು ಎಂದಲ್ಲ. ಮೇಲಿನ ನುಣುಪು ಹಾಳೆಯ ಅಡಿಯಲ್ಲಿ ಅಡ್ಡಕ್ಕೂ ಉದ್ದಕ್ಕೂ ತೆಳು ಲೋಹದ ಗೆರೆಗಳಿರುತ್ತವೆ. ಅವುಗಳಲ್ಲಿ ಸಣ್ಣ ವಿದ್ಯುತ್ತು ಇರುತ್ತದೆ. ನಮ್ಮ ಮೈಯಲ್ಲಿ ಕರೆಂಟ್ ಹರಿಯಬಲ್ಲದು, ಹಾಗಾಗಿ ಬೆರಳು ಹತ್ತಿರ ಬಂದ ಜಾಗದಲ್ಲಿ ಕೆಪಾಸಿಟೆನ್ಸ್, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಗುಣ, ಚೂರು ಬದಲಾಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಚಿಪ್ ಈ ಗೆರೆಗಳನ್ನೆಲ್ಲ ಹಲವು ಸಲ ನೋಡಿ, ಬೆರಳು ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. 1994ರಲ್ಲಿ ಆಪಲ್ ಕಂಪನಿಯ ಪವರ್‌ಬುಕ್ 500 ಇಂಥ ಪ್ಯಾಡ್ ಇಟ್ಟುಕೊಂಡು ಬಂತು. ಅದಕ್ಕೂ ಮುಂಚಿನ ಪವರ್‌ಬುಕ್‌ಗಳಲ್ಲಿ ಉರುಳುವ ಗುಂಡು ಇರುತ್ತಿತ್ತು. ಅಂದರೆ ಇದು ನಿನ್ನೆ ಮೊನ್ನೆ ಕಂಡುಹಿಡಿದ ವಿದ್ಯೆಯಲ್ಲ. ಆದರೆ ನೀರಿನ ಹನಿಯನ್ನೂ ಅದು ಬೆರಳು ಎಂದೇ ತಿಳಿಯಬಹುದು. ಒದ್ದೆ ಕೈಯಲ್ಲಿ ಮುಟ್ಟಿದರೆ ಬಾಣ ಅಡ್ಡಾದಿಡ್ಡಿ ಹೋಗೋದು ಅದಕ್ಕೇ.

ಹಾಗಾಗಿ ಕೈ ಒರೆಸಿದೆ. ಪ್ಯಾಡ್ ಒರೆಸಿದೆ. ಬಚ್ಚಲೊಲೆಯ ಮೇಲೆ ಒಣಗಿಸಿದ ಬಟ್ಟೆಯನ್ನೇ ತಂದು ಒರೆಸಿದೆ, ಹೊಗೆ ವಾಸನೆ ಬಂತೇ ಹೊರತು ಬಾಣ ನಿಲ್ಲಲಿಲ್ಲ. ದೊಡ್ಡಪ್ಪ ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸಲು ಮಳೆ ಬಿಡುವುದನ್ನೇ ಕಾಯುತ್ತಾ ಜಗಲಿಯಲ್ಲಿ ಕೂತಿದ್ದರು. "ಎಂತ ಆಯ್ತು ಮಾರಾಯ್ತಿ, ಮಳೆ ಕಳೀಲಿ, ತಾನೇ ಸರಿ ಆಗ್ತದೆ" ಅಂದರು. ಅವರಿಗೆ ಅಡಿಕೆಯ ಕೊಳೆರೋಗದ ಚಿಂತೆ. ನನ್ನ ಕರ್ಸರ್ ಯಾವ ಲೆಕ್ಕ?

ಆಮೇಲೆ ಬಂದದ್ದು ಅರ್ತಿಂಗ್ ಪ್ರಕರಣ. ಚಾರ್ಜರ್ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತಿತ್ತು. ನಮ್ಮೂರಲ್ಲಿ ವೈರಿಂಗ್ ಕೆಲಸ ಮಾಡುವ ಅಣ್ಣ ಬಂದು ಟೆಸ್ಟರ್ ಇಟ್ಟರು, ಒಳಗಿನ ದೀಪ ಮಿಣುಕಿತು. "ನಿಮ್ಮನೇಲಿ ಅರ್ತೇ ಇಲ್ಲ. ಇನ್ನೆಲ್ಲಿ ಸರಿ ಇರ್ತದೆ ಇದು?" ಎಂದರು. ಅವರ ಮಾತಿನಲ್ಲಿ ತಿರುಳಿತ್ತು. ಅಡಾಪ್ಟರಿನ ಒಳಗೆ ವಿದ್ಯುತ್ ಗದ್ದಲ ತಗ್ಗಿಸಲು ಪುಟ್ಟ ಕೆಪಾಸಿಟರ್‌ಗಳು ಇರುತ್ತವೆ. ಅವುಗಳ ಮೂಲಕ ಚೂರೇ ಚೂರು ಕರೆಂಟ್ ಲ್ಯಾಪ್‌ಟಾಪಿನ ಮೈಗೂ ಬರುತ್ತದೆ. ಮೂರು ಪಿನ್ನಿನ ಪ್ಲಗ್ ಇದ್ದು ಮನೆಯ ಅರ್ತ್ ಸರಿ ಇದ್ದರೆ ಅದು ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಕೈಗೆ ಜುಮ್. ಟ್ರ್ಯಾಕ್‌ಪ್ಯಾಡ್ ಹುಡುಕುವುದೂ ಇಂಥ ಸಣ್ಣ ವಿದ್ಯುತ್ ಬದಲಾವಣೆಯನ್ನೇ ಆದ್ದರಿಂದ ಅದಕ್ಕೆ ಗೊಂದಲ ಆಗಬಹುದು.

"ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿದರೂ ಹೀಗೇ ಆಗುತ್ತದೆ ಅಣ್ಣ" ಎಂದೆ. ಅಷ್ಟರಲ್ಲಿ ಅವರ ಕೈಗೆ ಹಾರೆ ಬಂದಾಗಿತ್ತು. ಮಳೆಗಾಲದಲ್ಲಿ ನೆಲ ಒದ್ದೆ ಇರುವುದರಿಂದ ಅರ್ತ್ ಚೆನ್ನಾಗಿ ಸಿಗಬೇಕು. ನಮ್ಮ ಮನೆಯ ಹಿಂದೆ ಅಗೆದು ನೋಡಿದರೆ ಪೈಪಿಗೆ ಕಟ್ಟಿದ್ದ ತಂತಿಯೇ ತುಕ್ಕು ಹಿಡಿದು ತುಂಡಾಗಿತ್ತು. ಹೊಸ ತಂತಿ ಎಳೆದು, ಇದ್ದಿಲು ಉಪ್ಪು ಹಾಕಿ ಮುಚ್ಚಿದರು. ಜುಮ್ ಅನ್ನೋದು ನಿಂತಿತು. ಅಮ್ಮನಿಗೆ ಬಹಳ ಖುಷಿ, ಗ್ರೈಂಡರ್ ಮುಟ್ಟಿದರೂ ಈಗ ಏನೂ ಆಗುವುದಿಲ್ಲ. ನಾನು ಲ್ಯಾಪ್‌ಟಾಪ್ ತೆರೆದೆ. ಬಾಣ ಪರದೆಯ ಮೂಲೆಗೆ ಓಡಿಹೋಯಿತು.

ಕಂಪನಿಯ ಸಹಾಯವಾಣಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡ್ರೈವರ್ (ಪ್ಯಾಡನ್ನು ನಡೆಸುವ ತಂತ್ರಾಂಶ) ತೆಗೆದು ಮತ್ತೆ ಹಾಕಿ, ಅಪ್‌ಡೇಟ್ ಮಾಡಿ, ಸೆನ್ಸಿಟಿವಿಟಿ ಕಡಿಮೆ ಮಾಡಿ, ಪೂರ್ತಿ ರೀಸೆಟ್ ಮಾಡಿ. ಪ್ರತಿ ಸಲ ಹೊಸಬರು, ಪ್ರತಿ ಸಲ ಮೊದಲಿನಿಂದ ಕಥೆ. ಅವರು ಹೇಳಿದ್ದನ್ನೆಲ್ಲ ಮಾಡಿದೆ. ಕರೆಂಟ್ ಇದ್ದಾಗ ನೆಟ್ ಇಲ್ಲ, ನೆಟ್ ಇದ್ದಾಗ ಕರೆಂಟ್ ಇಲ್ಲ. ಈ ಅಪ್‌ಡೇಟುಗಳ ನಡುವೆಯೇ ಅಂಗಡಿಯ ಏಳು ದಿನದ ಬದಲಿ ಅವಧಿ ಮುಗಿದುಹೋಯಿತು. ಕಾಯಿಸಿದವರು ಅವರು, ದಿನ ಕಳೆದದ್ದು ನನ್ನ ಲೆಕ್ಕದಲ್ಲಿ. ಇದು ಯಾವ ನ್ಯಾಯ?

ಅಷ್ಟು ದಿನ ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಒಂದು ಯುಎಸ್‌ಬಿ ಮೌಸ್ ಹಾಕಿಕೊಂಡೆ. ವಿಂಡೋಸ್‌ನ ಟಚ್‌ಪ್ಯಾಡ್ (ಟ್ರ್ಯಾಕ್‌ಪ್ಯಾಡಿಗೆ ಅಲ್ಲಿ ಇದೇ ಹೆಸರು) ಸೆಟ್ಟಿಂಗ್ಸ್ ಒಳಗೆ, ಮೌಸ್ ಇದ್ದಾಗಲೂ ಟಚ್‌ಪ್ಯಾಡ್ ಚಾಲೂ ಇರಲಿ ಎನ್ನುವ ಆಯ್ಕೆಯೊಂದಿದೆ. ಅದರ ಗುರುತು ತೆಗೆದರೆ ಮೌಸ್ ಚುಚ್ಚಿದ ಕೂಡಲೇ ಪ್ಯಾಡ್ ಮಲಗುತ್ತದೆ. ತೆಗೆದೆ. ಒಂದೇ ಒಂದು ಒತ್ತಕ್ಷರವೂ ಮತ್ತೆ ಒಡೆಯಲಿಲ್ಲ. ಕೀಲಿಮಣೆಯದಾಗಲಿ, ನುಡಿಯದಾಗಲಿ ತಪ್ಪಿಲ್ಲ ಎಂದು ಅಲ್ಲಿಗೆ ಖಾತ್ರಿಯಾಯಿತು.

ಭಾನುವಾರ ಚಿಕ್ಕಪ್ಪನ ಮಗ ಊರಿಗೆ ಬಂದ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುವ ಹುಡುಗ. "ಅಕ್ಕ, ವಿಂಡೋಸ್ ಜೊತೆ ಜಗಳ ಯಾಕೆ, ಅದನ್ನ ಬದಿಗಿಡು" ಎಂದು, ವಿಂಡೋಸ್ ಬದಲು ಬಳಸುವ ಉಬುಂಟು ಎಂಬ ಇನ್ನೊಂದು ವ್ಯವಸ್ಥೆ ಇದ್ದ ಪೆನ್‌ಡ್ರೈವ್ ಹಾಕಿದ. ಏನನ್ನೂ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಲ್ಯಾಪ್‌ಟಾಪ್ ಶುರುವಾಯಿತು. ವಿಂಡೋಸ್ ಇಲ್ಲ, ಕಂಪನಿಯ ಡ್ರೈವರ್ ಇಲ್ಲ. ಬಾಣ ಮಾತ್ರ ಅದೇ ಕುಣಿತ. ಇವಿಟೆಸ್ಟ್ ಎಂಬ ಪುಟ್ಟ ಪ್ರೋಗ್ರಾಂ ಓಡಿಸಿದ. ಪ್ಯಾಡ್ ಏನೇನು ಸುದ್ದಿ ಕಳಿಸುತ್ತಿದೆಯೋ ಅದನ್ನೆಲ್ಲ ಅದು ಸಾಲು ಸಾಲಾಗಿ ಬರೆದು ತೋರಿಸುತ್ತದೆ. ಬೆರಳು ಇಟ್ಟರೆ ಸಾಲುಗಳು ಓಡಬೇಕು, ತೆಗೆದರೆ ನಿಲ್ಲಬೇಕು. ಇಲ್ಲಿ ಬೆರಳು ತೆಗೆದ ಮೇಲೂ ಓಡುತ್ತಿದ್ದವು. ಯಾರೂ ಮುಟ್ಟದ ಪ್ಯಾಡ್, ಯಾರೋ ಮುಟ್ಟುತ್ತಿದ್ದಾರೆ ಎಂದು ವರದಿ ಕೊಡುತ್ತಿತ್ತು.

ಇದನ್ನು ವಿಡಿಯೋ ಮಾಡಲೇಬೇಕು ಎಂದುಕೊಂಡೆವು. ಹುಡುಗ ಪಕ್ಕದಲ್ಲಿ ಟಾರ್ಚ್ ಹಿಡಿದ, ಕರೆಂಟ್ ಹೋಗಿತ್ತು. ಅಮ್ಮನ ಕೈಗೆ ಫೋನ್ ಕೊಟ್ಟೆವು. ನಾನು ಜಗಲಿಯಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಪೊಲೀಸರಿಗೆ ಶರಣಾದವಳ ಹಾಗೆ ಎರಡೂ ಕೈ ಮೇಲೆತ್ತಿ ಕೂತೆ. ಮೊದಲ ವಿಡಿಯೋದಲ್ಲಿ ಅಮ್ಮನ ಹೆಬ್ಬೆರಳು ಬಿಟ್ಟು ಬೇರೆ ಏನೂ ಇಲ್ಲ. ಆಮೇಲಿನದು ಚೆನ್ನಾಗಿ ಬಂತು. ಕೈಗಳು, ಪ್ಯಾಡ್, ತಾನೇ ಓಡುವ ಬಾಣ, ಮೂರೂ ಒಂದೇ ಚೌಕಟ್ಟಿನಲ್ಲಿ. ಹಿನ್ನೆಲೆಯಲ್ಲಿ ದೊಡ್ಡಪ್ಪನ ದನಿ: "ಅದೆಂತಕ್ಕೆ ಕೈ ಎತ್ತಿದ್ದು ಅವಳು?"

ಲ್ಯಾಪ್‌ಟಾಪಿಗೆ ಎರಡು ಪ್ಲಾಸ್ಟಿಕ್ ಸುತ್ತಿ ಶಿವಮೊಗ್ಗದ ಬಸ್ ಹತ್ತಿದೆ. ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಮರಗಳ ತುಂಬ ಬೆಳ್ಳಕ್ಕಿ. ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ, ಸಕ್ರೆಬೈಲು ದಾಟುವವರೆಗೂ ಬ್ಯಾಗನ್ನು ಅಪ್ಪಿಕೊಂಡೇ ಕೂತಿದ್ದೆ. ಒಳಗೆ ನೀರು ಹೋದರೆ ಕಂಪನಿಯವರಿಗೆ ಇನ್ನೇನು ಬೇಕು?

ಸರ್ವಿಸ್ ಸೆಂಟರಿನಲ್ಲಿ ಟೇಬಲ್ ಮೇಲಿಟ್ಟು ಆನ್ ಮಾಡಿದರು. ನೀವು ಊಹಿಸಿರುತ್ತೀರಿ. ಬಾಣ ಎಷ್ಟು ಸಭ್ಯವಾಗಿ ನಡೆದುಕೊಂಡಿತೆಂದರೆ, ನನಗೇ ನಂಬಲು ಆಗಲಿಲ್ಲ. "ಸರಿ ಇದೆಯಲ್ಲ ಮೇಡಂ" ಎಂದ ಹುಡುಗ. ವಿಡಿಯೋ ತೋರಿಸಿದೆ. ನೋಡಿದ. "ಅಂಗೈ ತಾಗಿರುತ್ತೆ" ಎಂದ. "ಕೈ ಎಲ್ಲಿದೆ ನೋಡಪ್ಪ" ಎಂದೆ. ಇನ್ನೊಮ್ಮೆ ನೋಡಿ, ಈ ಸಲ ನಕ್ಕ. ಮೇಲಿನವರನ್ನು ಕರೆದ. ಅವರು ಬಂದು, "ನಿಮ್ಮ ಕಡೆ ಹ್ಯುಮಿಡಿಟಿ ಜಾಸ್ತಿ" ಎಂದರು. ಮತ್ತೆ ಮಳೆ! ಮಲೆನಾಡಿನಲ್ಲಿ ಮಾರುವ ವಸ್ತು ಮಲೆನಾಡಿನ ಗಾಳಿಯಲ್ಲಿ ನಡೆಯಬೇಕೋ ಬೇಡವೋ? ಅದನ್ನೇ ಕೇಳಿದೆ. ದನಿ ಸ್ವಲ್ಪ ಏರಿತ್ತು ಅನಿಸುತ್ತದೆ, ಪಕ್ಕದ ಕುರ್ಚಿಯವರು ತಿರುಗಿ ನೋಡಿದರು.

ಆಗ ಹೊಳೆದದ್ದು ಜಾಗದ ವಿಷಯ. ಇಲ್ಲಿ ಟೇಬಲ್ ಇದೆ. ಮನೆಯಲ್ಲಿ ನಾನು ಟೇಬಲ್ ಮುಟ್ಟುವುದೇ ಇಲ್ಲ, ತೊಡೆಯ ಮೇಲಿಟ್ಟುಕೊಂಡೇ ಕೆಲಸ. ವಿಡಿಯೋದಲ್ಲೂ ತೊಡೆಯ ಮೇಲೇ ಇತ್ತು. "ಇಲ್ಲಿ ಕೊಡಿ" ಎಂದು ಲ್ಯಾಪ್‌ಟಾಪ್ ತಗೊಂಡು ಕುರ್ಚಿಯಲ್ಲಿ ಕೂತು ತೊಡೆಯ ಮೇಲಿಟ್ಟೆ. ಎಡಗೈ ಊರುವ ಜಾಗ ಸ್ವಲ್ಪ ಬಾಗಿತು. ಬಾಣ ನೆಗೆಯಿತು. ಟೇಬಲ್ ಮೇಲಿಟ್ಟೆ, ನಿಂತಿತು. ಒಂದು ಮೂಲೆಯಲ್ಲಿ ಹಿಡಿದು ಎತ್ತಿದೆ, ಮತ್ತೆ ನೆಗೆಯಿತು. ಹ್ಯುಮಿಡಿಟಿಯವರು ಏನೂ ಮಾತಾಡದೆ ಲ್ಯಾಪ್‌ಟಾಪ್ ಒಳಗೆ ತಗೊಂಡು ಹೋದರು.

ಬದಲಿ ಲ್ಯಾಪ್‌ಟಾಪ್ ಕೊಡಲು ಆಗುವುದಿಲ್ಲ, ಪ್ಯಾಡ್ ಬದಲಿಸಿ ಕೊಡುತ್ತೇವೆ ಎಂದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ಎಲ್ಲೇ ಇರಲಿ, ನಾನಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಬಹುದು. ಇದನ್ನೆಲ್ಲ ಓದಿಕೊಂಡೇ ಹೋಗಿದ್ದೆ, ಅಲ್ಲಿ ಹೇಳಿಯೂ ಹೇಳಿದೆ. ಆದರೆ ನನಗೆ ಬೇಕಿದ್ದದ್ದು ಕೇಸಲ್ಲ, ನಡೆಯುವ ಪ್ಯಾಡ್. ಒಪ್ಪಿಕೊಂಡೆ. ಒಪ್ಪಬಾರದಿತ್ತು ಎಂದು ಚಿಕ್ಕಪ್ಪನ ಮಗ ಈಗಲೂ ವಾದಿಸುತ್ತಾನೆ. ಅವನ ವಯಸ್ಸಿಗೆ ಅದು ಸರಿ.

ಪಾರ್ಟ್ ಬೆಂಗಳೂರಿನಿಂದ ಬರಬೇಕಿತ್ತು, ಬಂದ ಮೇಲೆ ಮತ್ತೆ ಹೋದೆ. ಬಿಚ್ಚಿದ್ದು ಅದೇ ಹುಡುಗ, ನನ್ನನ್ನೂ ಕರೆದು ತೋರಿಸಿದ. ಪ್ಯಾಡಿನಿಂದ ಮದರ್‌ಬೋರ್ಡಿಗೆ ಹೋಗುವ ಚಪ್ಪಟೆ ಕೇಬಲ್ಲಿನ ತುದಿಯಲ್ಲಿ ಒಂದು ಪುಟ್ಟ ಲಾಕ್ ಇರುತ್ತದೆ. ಅದು ಒಂದು ಬದಿಯಲ್ಲಿ ಮಾತ್ರ ಕೂತಿತ್ತು. ಮೈ ಬಾಗಿದಾಗ ಕೇಬಲ್ ಅಲುಗುತ್ತಿತ್ತು. "ಫ್ಯಾಕ್ಟರಿಯಿಂದ್ಲೇ ಹೀಗೆ ಬಂದಿದೆ ಮೇಡಂ" ಎಂದು ಮೆಲ್ಲಗೆ ಹೇಳಿದ. ಹಳೇ ಪ್ಯಾಡನ್ನೇ ಸರಿಯಾಗಿ ಕೂರಿಸಿದರೂ ಸಾಕಾಗುತ್ತಿತ್ತೇನೋ. ಹೊಸದು ಬಂದಾಗಿತ್ತು, ಕೇಬಲ್ ಸಮೇತ ಹೊಸದನ್ನೇ ಹಾಕಿದ. ತೊಡೆಯ ಮೇಲಿಟ್ಟು, ಎತ್ತಿ, ಬಾಗಿಸಿ ನೋಡಿದೆ. ಬಾಣ ಕದಲಲಿಲ್ಲ. ಕ್ಲಿಕ್ ಮಾತ್ರ ಹಳೆಯದಕ್ಕಿಂತ ಸ್ವಲ್ಪ ಬಿಗಿ.

ಸಹಿ ಹಾಕಲು ಜಾಬ್ ಶೀಟ್ ಕೊಟ್ಟರು. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದದ್ದು: ಗ್ರಾಹಕರ ಕೋರಿಕೆಯಂತೆ ಟಚ್‌ಪ್ಯಾಡ್ ಬದಲಿಸಲಾಗಿದೆ. ಕೋರಿಕೆ! ಬಣ್ಣ ಇಷ್ಟ ಆಗಲಿಲ್ಲ ಎಂದು ಬದಲಿಸಿಕೊಂಡೆನಾ ನಾನು? ನಾಳೆ ಮತ್ತೆ ಕೆಟ್ಟರೆ ಈ ಹಾಳೆ ನೋಡಿದವರು ಏನೆಂದು ತಿಳಿಯಬೇಕು? ಪೆನ್ನು ಕೆಳಗಿಟ್ಟೆ. ಕಂಪ್ಯೂಟರಿನಲ್ಲಿ ಅದು ತಾನೇ ಬರುವ ಸಾಲು, ತಿದ್ದಲು ಬರುವುದಿಲ್ಲ ಎಂದರು. ಕೈಯಲ್ಲಿ ಬರೆಯಿರಿ ಎಂದೆ. ಬಹಳ ಹೊತ್ತಿನ ಮೇಲೆ ಆ ಸಾಲು ಹೊಡೆದುಹಾಕಿ, ಕೇಬಲ್ ಲಾಕ್ ಸಡಿಲ, ಮುಟ್ಟದೆ ಕರ್ಸರ್ ಓಡುವ ದೋಷ ಎಂದು ಬರೆದು ಸೀಲ್ ಒತ್ತಿ ಕೊಟ್ಟರು. ತಿದ್ದಿದ ಜಾಗದಲ್ಲಿ ಚಿಕ್ಕ ಸಹಿಯನ್ನೂ ಹಾಕಿಸಿಕೊಂಡೆ, ಕರಡು ತಿದ್ದುವವರ ಚಟ. ಹೊಸ ಪ್ಯಾಡಿಗೆ ಬೇರೆ ವಾರಂಟಿ ಇದೆಯಾ ಅಥವಾ ಹಳೆಯದರ ಉಳಿದ ದಿನಗಳು ಮಾತ್ರವಾ ಎಂದು ಕೇಳಿ ಕಂಪನಿಗೆ ಮೇಲ್ ಮಾಡಿದ್ದೇನೆ. ನಿಮ್ಮ ಪ್ರಶ್ನೆ ನಮಗೆ ಮುಖ್ಯ ಎಂಬ ಉತ್ತರ ಬಂದಿದೆ, ಅಷ್ಟೇ.